ಮನೆ ಗುಂಪಿನಿಂದ ಒಂದು ಹೆಸರು

ನಮ್ಮ ಊರಿನ ಸರ್ವರಿನಲ್ಲಿ ತೀರಿಕೊಂಡವರಿಗೂ ಲಾಗಿನ್ ಇದೆ. ಮನೆಯವರು ಕಳಿಸಿದ ಫೋಟೋ, ಪತ್ರ ಅವರು ನೋಡಬಹುದು, ಉತ್ತರ ಬರೆಯುವಂತಿಲ್ಲ. ಯಾರು ಯಾವ ಗುಂಪಿನಲ್ಲಿರಬೇಕು ಅನ್ನುವುದನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಮಧ್ಯಾಹ್ನ ಸುಗಂಧಿ ಕೌಂಟರಿಗೆ ಓಡಿಬಂದರು. “ಸಾರ್, ನಮ್ಮ ಮನೆ ಗುಂಪಿಂದ ದಿವಾಕರ್ ಹೆಸರು ತೆಗೀರಿ.”

“ನಿಮ್ಮ ಯಜಮಾನ್ರದ್ದಾ? ನಾಲ್ಕು ವರ್ಷದಿಂದ ದಿನಾ ಸಂಜೆ ತಪ್ಪದೆ ಬಂದು ನೋಡ್ತಾರಲ್ಲಮ್ಮ!”

“ಅದಕ್ಕೇ ಸಾರ್. ನಿನ್ನೆ ಇನ್ನೊಂದು ಮದುವೆ ಆದೆ. ಮಗಳು ಅಭ್ಯಾಸಬಲದಿಂದ ಮದುವೆ ಫೋಟೋ ಆ ಗುಂಪಿಗೇ ಹಾಕಿದ್ದಾಳೆ. ಸಂಜೆಯೊಳಗೆ ತೆಗೆದುಬಿಡಿ.”

ಗುಂಪು ತೆರೆದೆ. ದಿವಾಕರ್ ಇವತ್ತು ಬೆಳಿಗ್ಗೆಯೇ ಬಂದಿದ್ದರು. ಆ ಒಂದೇ ಫೋಟೋವನ್ನು ಮೂರು ತಾಸು ನೋಡಿ, ತಾವಾಗಿಯೇ ಗುಂಪು ಬಿಟ್ಟು ಹೋಗಿದ್ದರು.

“ಅವರು ನೋಡಿಲ್ಲ ತಾನೆ?”

“ಇಲ್ಲಮ್ಮ,” ಅಂದೆ. “ಈಗ ತೆಗೆದೆ.”