ಬಲಗೈ ಕಾಣದ ಶಿಲೆಗಳು

ಶಾಲಿನೊಳಗಿಂದ ಬಲಗೈ ಹೊರಗೆ ಬರಲೇ ಇಲ್ಲ.

ತಲೆತುಂಬ ಶಾಲು ಹೊದ್ದ ಆ ಹೆಂಗಸು ಎಡಗೈ ಚಾಚಿ ಟಿಕೆಟ್ಟು ಇಸಿದುಕೊಂಡಳು. ಶಿಲ್ಪ ಸಂಗ್ರಹಾಲಯದ ಬಾಗಿಲಲ್ಲಿದ್ದ ಕಾವಲುಗಾರನ ಕಿವಿ ನೆಟ್ಟಗಾಯಿತು. ಜೊತೆಯವರು ಅವನನ್ನು ಹದ್ದು ಎನ್ನುತ್ತಿದ್ದರು. ಹದ್ದು ಜನರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಮುಖ ಸುಳ್ಳಾಡೀತು, ಕೈ ಆಡದು. ಇದು ಅವನ ವೇದವಾಕ್ಯ.

ಹೋದ ತಿಂಗಳು ಯಾರೋ ಪುಣ್ಯಾತ್ಮ ಇಲ್ಲಿಯ ಶಿಲ್ಪವೊಂದಕ್ಕೆ ಆ್ಯಸಿಡ್ ಎರಚಿದ್ದ. ಅಂದು ಕಾವಲಿದ್ದವನಿಗೆ ಆ ಸಂಜೆಯೇ ಮನೆಯ ದಾರಿ. "ಮುಂದಿನ ಸರದಿ ನಿಂದು, ಎಚ್ಚರ," ಎಂದು ಮೇಲ್ವಿಚಾರಕ ಹದ್ದಿಗೆ ಗದರಿದ್ದ.

ಹದ್ದು ಅವಳ ಬೆನ್ನುಬಿದ್ದ.

ಆ ಸಂಗ್ರಹಾಲಯದಲ್ಲಿದ್ದುದೆಲ್ಲ ಒಬ್ಬನೇ ಶಿಲ್ಪಿಯ ಕೆಲಸ, ತೀರಿಕೊಂಡವನದು. ಕೆತ್ತಿದ್ದೂ ಒಬ್ಬಳನ್ನೇ. ನಿಂತವಳು, ಕುಳಿತವಳು, ಒರಗಿದವಳು. ಯಾವುದರಲ್ಲೂ ಬಲಗೈ ಮಾತ್ರ ಕಾಣದು: ಒಂದರಲ್ಲಿ ಬೆನ್ನ ಹಿಂದೆ, ಒಂದರಲ್ಲಿ ಬಟ್ಟೆಯ ಮಡಿಕೆಯಲ್ಲಿ, ಮತ್ತೊಂದರಲ್ಲಿ ಕೆತ್ತದೆ ಬಿಟ್ಟ ಬಂಡೆಯೊಳಗೆ.

"ಇವಳು ಅವರನ್ನ ಬಿಟ್ಟುಹೋದ ಹೆಂಡತಿ," ಗೈಡು ಗಿಳಿಪಾಠ ಒಪ್ಪಿಸುತ್ತಿದ್ದಳು. "ಆ ಮರೆಮಾಡಿದ ಕೈಯಲ್ಲಿರೋದು ಅವಳ ದ್ರೋಹ. ಪಾಪ, ಅವರು ಕೊನೇವರೆಗೂ ಒಂಟಿಯಾಗೇ ದುಡಿದ್ರು."

"ಇಷ್ಟಿಷ್ಟು ದಪ್ಪ ಕಲ್ಲನ್ನ ಒಬ್ಬನೇ ಎತ್ತಿ ನಿಲ್ಲಿಸ್ತಿದ್ನಾ?" ಶಾಲಿನೊಳಗಿಂದ ಪ್ರಶ್ನೆ ಬಂತು.

"ಒಬ್ಬರೇ."

"ಹಾಗಾದ್ರೆ ಕಲ್ಲಿಗೆ ರೆಕ್ಕೆ ಇತ್ತು ಅನ್ನಿ!"

ಗುಂಪು ಕಿಸಕ್ಕೆಂದಿತು. ಗೈಡು ಮುಖ ಗಂಟಿಕ್ಕಿ, ಉಳಿದವರನ್ನು ಪಕ್ಕದ ಕೋಣೆಗೆ ಹೊರಡಿಸಿದಳು. ಶಾಲಿನವಳು ಹೋಗಲಿಲ್ಲ. ಅಡ್ಡಹಗ್ಗ ದಾಟಿ, ಕೈ ಬಂಡೆಯೊಳಗೆ ಕರಗಿದ್ದ ಶಿಲ್ಪಕ್ಕೆ ಮೈತಾಗುವಷ್ಟು ಹತ್ತಿರ ನಿಂತಳು. ಶಾಲಿನ ಬಲಬದಿ ಮಿಸುಕಿತು.

"ಏಯ್! ಈಚೆ ಬನ್ನಿ. ಆ ಕೈಯಲ್ಲಿ ಏನಿದೆ?"

"ನಿಮ್ಮ ಗೈಡಮ್ಮ ಹೇಳಿದ್ಲಲ್ಲ. ದ್ರೋಹ!"

"ತಮಾಷೆ ಸಾಕು. ಬಲಗೈ ಹೊರಗೆ ತೆಗೀರಿ. ಇಲ್ದಿದ್ರೆ ನಾನೇ ತೆಗೀಬೇಕಾಗತ್ತೆ."

"ತೆಗೆದು ಕೊಡಪ್ಪ, ಪುಣ್ಯ ಬರತ್ತೆ. ನಾನೂ ನೋಡಿ ಬಹಳ ವರ್ಷ ಆಯ್ತು."

ಹದ್ದಿನ ಕಣ್ಣಿಗೆ ಶಾಲಿನೊಳಗಿನ ಆ್ಯಸಿಡ್ ಸೀಸೆ ಕಂಡೇಬಿಟ್ಟಂತಾಯಿತು. ಎರಗಿದ. ಶಾಲನ್ನು ಸೆಳೆದು, ತೋಳಿಗೆ ಕೈ ಹಾಕಿದ.

ಮುಷ್ಟಿಗೆ ಸಿಕ್ಕಿದ್ದು ಬರೀ ಬಟ್ಟೆ. ಮೊಣಕೈಯ ಕೆಳಗೆ ಗಂಟು ಹಾಕಿದ, ರವಿಕೆಯ ಖಾಲಿ ತೋಳು.

"ಮೊದಲನೇ ಕಲ್ಲು ಏರಿಸುವಾಗ ಹೋಯ್ತು," ಅವಳೆಂದಳು. "ಹಗ್ಗದ ಆ ತುದೀಲಿ ಅವನು, ಈ ತುದೀಲಿ ನಾನು. ಬಿಟ್ಟವನು ಅವನು."

ಹದ್ದು ಆಗ ಮೊದಲ ಸಲ ಅವಳ ಮುಖ ನೋಡಿದ. ಸುತ್ತ ನಿಂತ ಕಲ್ಲುಗಳೆಲ್ಲ ಅದೇ ಮುಖದಿಂದ ಅವನನ್ನು ದಿಟ್ಟಿಸುತ್ತಿದ್ದವು.