ಗೇಟು ಹಾಕೀನ್ರಿ

"ಸಾಹೇಬ್ರ, ಎರಡು ದಿನದಿಂದ ಒಬ್ಬನ ಅದೀನ್ರಿ. ಬದಲಿ ಆಳು ಇನ್ನೂ ಬಂದಿಲ್ಲ. ಕಣ್ಣು ಎಳ್ಯಾಕತ್ತಾವ್ರಿ. ಕೈ ಮುಗೀತೀನಿ, ಯಾರನ್ನರ ಕಳಸ್ರಿ." ರೈಲ್ವೆ ಗೇಟು ಕಾಯುವವನು ಫೋನಿನಲ್ಲಿ ಅಂಗಲಾಚಿದ.

"ಎಲ್ಲಿಂದ ಕಳಸ್ಲೋ? ಇದೊಂದು ಗಾಡಿ ದಾಟಸು, ಆಮ್ಯಾಲೆ ನೋಡೂಣು," ಎಂದರು ಸ್ಟೇಷನ್ ಮಾಸ್ತರರು. "ಗೇಟು ಹಾಕೀಯೇನು?"

"ಹಾಕೀನ್ರಿ."

"ನಂಬರ್ ಹೇಳು."

ಗೇಟು ಮುಚ್ಚಿದ ಮೇಲಷ್ಟೇ ಹೇಳಬೇಕಾದ ಗುಪ್ತ ಸಂಖ್ಯೆ ಅದು. ಅವನು ಹಾಳೆ ನೋಡಿ ಹೇಳಿದ. ಮಾಸ್ತರರು ಬರೆದುಕೊಂಡು ಗಾಡಿ ಬಿಟ್ಟರು.

ಹಿಡಿಕೆ ತಿರುಗಿಸಿ ಗೇಟು ಇಳಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅಂಗೈ ಇನ್ನೂ ಉರಿಯುತ್ತಿತ್ತು.

ಅಷ್ಟರಲ್ಲಿ ಹಳಿಯಾಚೆಯ ಮನೆಯಿಂದ ಹೆಂಡತಿ ಬುತ್ತಿ ತಂದಳು. ದಿನಾ ಮುಚ್ಚಿದ ಗೇಟಿನ ಕೆಳಗೆ ನುಸುಳಿ, ಸೊಂಟ ಹಿಡಿದುಕೊಂಡು ಬರುವವಳು ಇಂದು ದಣಿದಿರಲಿಲ್ಲ. ಅವನು ರೊಟ್ಟಿ ಮುರಿದ. ಹತ್ತಿರದಲ್ಲೇ ರೈಲಿನ ಸಿಳ್ಳೆ ಕೇಳಿಸಿತು.

"ಇವತ್ತೇನು ಇಷ್ಟು ಲಗೂ ಬಂದಿ?"

"ಆಟೋ ಸಿಕ್ತು. ಹಳಿ ದಾಟಿಸಿ ಸೀದಾ ಬಾಗಿಲಿಗೇ ಇಳಿಸಿದ. ಹಿಂದ ಸಾಲಿ ಮಕ್ಕಳ ಬಸ್ಸೂ ಬರಾಕತ್ತೈತಿ."