ಮಾಲ್ಟಾದಲ್ಲಿ ಎಂಟು ದಿನ

ಗರಾಜಿನ ಬಾಗಿಲು ಮೇಲೆದ್ದ ಸದ್ದು ಕೇಳಿ ಉಝ್ಮಾ ಮಗಳ ಬಾಯಿಯ ಮೇಲೆ ಕೈಯಿಟ್ಟಳು. ಕಾರೊಂದು ಒಳಗೆ ಬಂತು. ಬಾಗಿಲು ಮತ್ತೆ ಕೆಳಗಿಳಿಯಿತು.

“ಗಿಡಕ್ಕೆ ನೀರು ಹಾಕೋಕೆ ಬಂದವರು ಕಾರನ್ನ ಯಾಕೆ ಒಳಗೆ ತರಬೇಕು?” ಎಂದು ಪಿಸುಗುಟ್ಟಿದಳು.

ಅವಳ ಗಂಡ ಇಸಾಕ್ ಬಾಗಿಲಿನತ್ತ ಕಿವಿಗೊಟ್ಟ. ಹಿಲ್ಸ್‌ಬರೋದ ತಮ್ಮದೇ ಮನೆಯ ಮಹಡಿ ಕೋಣೆಯಲ್ಲಿ, ಪರದೆ ಎಳೆದುಕೊಂಡು, ಮೂವರೂ ನೆಲದ ಮೇಲೆ ಕುಳಿತಿದ್ದರು. ಪರಿಚಯದವರೆಲ್ಲರ ಪಾಲಿಗೆ ಅವರು ಮಾಲ್ಟಾ ದ್ವೀಪದಲ್ಲಿದ್ದರು.

ಅದು 2009ರ ಆಗಸ್ಟ್. ಮದುವೆಯಾಗಿ ಹದಿನೈದು ವರ್ಷವಾಯಿತೆಂದು ಇಸಾಕ್ ಮಾರ್ಚ್‌ನಲ್ಲೇ ಟಿಕೆಟ್ ಬುಕ್ ಮಾಡಿ, ಸಿಕ್ಕವರಿಗೆಲ್ಲ ಹೇಳಿಕೊಂಡಿದ್ದ. ಮೆಡಿಟರೇನಿಯನ್ ಸಮುದ್ರ, ಮರಳು, ಎಂಟು ದಿನ. ಜೂನ್‌ನಲ್ಲಿ ಮಾರಿಸ್‌ಟೌನ್‌ನ ಕಂಪನಿ ಅವನ ಇಡೀ ವಿಭಾಗವನ್ನೇ ಮುಚ್ಚಿತು. ಟಿಕೆಟ್ ರದ್ದಾಯಿತು. ಸುದ್ದಿಯನ್ನು ರದ್ದು ಮಾಡಲು ಅವನಿಗೆ ಬಾಯಿ ಬರಲಿಲ್ಲ.

ಉಳಿದಿದ್ದ ಒಂದೇ ಆಸೆ ಸತ್ಯನಾರಾಯಣ. ಎರಡು ಬೀದಿ ಆಚೆ ಮನೆ, ಮ್ಯಾನ್‌ಹಟನ್‌ನ ದೊಡ್ಡ ಸಂಸ್ಥೆಯೊಂದರಲ್ಲಿ ಮ್ಯಾನೇಜರ್. ‘ಒಂದು ಚೇಂಜ್ ಬೇಕು ಅನಿಸ್ತಿದೆ’ ಎಂದು ಇಸಾಕ್ ಅವನಿಗೆ ಮಾತಿನ ನಡುವೆ ಸುಮ್ಮನೆಂಬಂತೆ ಹೇಳಿದ್ದ.

“ಆರಾಮಾಗಿ ವೆಕೇಶನ್ ಮುಗಿಸಿ ಬನ್ನಿ, ಆಮೇಲೆ ಮಾತಾಡೋಣ,” ಎಂದಿದ್ದ ಸತ್ಯನಾರಾಯಣ. ತುಸು ತಡೆದು, “ಮನೆ ಕೀ ಕೊಟ್ಟುಹೋಗಿ. ಗಿಡಗಳನ್ನ ನಾನು ನೋಡ್ಕೋತೀನಿ,” ಎಂದೂ ಸೇರಿಸಿದ್ದ.

ಕೆಲಸ ಕಳೆದುಕೊಂಡವನಿಗೆ ಯಾರೂ ಕೆಲಸ ಕೊಡುವುದಿಲ್ಲ. ಎರಡು ತಿಂಗಳ ಸಂದರ್ಶನಗಳು ಇಸಾಕ್‌ಗೆ ಅಷ್ಟನ್ನು ಕಲಿಸಿದ್ದವು. ನಗುತ್ತ ಕೀ ಕೊಟ್ಟ. ಭಾನುವಾರ ಸೂಟ್‌ಕೇಸು ತುಂಬಿಕೊಂಡು ಹೊರಟು, ಎರಡು ಮೈಲಿ ಆಚೆಯ ಮಾಲ್‌ನಲ್ಲಿ ಕಾರು ಬಿಟ್ಟು, ಮುಸ್ಸಂಜೆಯಲ್ಲಿ ಹಿತ್ತಲಿನಿಂದ ನಡೆದು ಮನೆಗೆ ವಾಪಸಾದರು.

ನೀರು ಹಾಕುವುದು ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದರು. ಸೋಮವಾರ ಬೆಳಗ್ಗೆ ಏಳಕ್ಕೆ ಬಂದ ಸತ್ಯನಾರಾಯಣ ಸಂಜೆ ಆರೂಮುಕ್ಕಾಲಿನ ತನಕ ಕದಲಲಿಲ್ಲ. ಮಂಗಳವಾರವೂ ಹಾಗೆಯೇ.

ಅವನು ಬರುವ ಮೊದಲೇ ಉಝ್ಮಾ ಪರಿಚಯದವರಿಗೆಲ್ಲ ಆ ದಿನದ ಇಮೇಲ್ ಕಳಿಸಿ ಮುಗಿಸುತ್ತಿದ್ದಳು. ಮಾಲ್ಟಾದ ಬೀಚುಗಳಲ್ಲಿ ಏನೇನು ಮಾಡಬಹುದು ಎಂಬ ವೆಬ್‌ಪುಟದಿಂದ ದಿನಕ್ಕೊಂದನ್ನು ಆರಿಸುವಳು. ಸೋಮವಾರ, ಮೂತಿಗೆ ಕಣ್ಣು ಬರೆದ ಬಣ್ಣದ ದೋಣಿಯಲ್ಲಿ ಸವಾರಿ. ಮಂಗಳವಾರ, ತಿಳಿನೀಲಿ ಲಗೂನಿನಲ್ಲಿ ಈಜು. ಬುಧವಾರ, ಕೊಡೆಯ ನೆರಳಲ್ಲಿ ಸುಟ್ಟ ಮೀನಿನ ಊಟ. ಅದನ್ನು ಬರೆದು ಅವಳು ಮಗಳಿಗೆ ಒಣ ಬ್ರೆಡ್ ಕೊಟ್ಟಳು. ಸತ್ಯನಾರಾಯಣನ ಹೆಂಡತಿ ಅನು ಕೂಡಲೇ ಉತ್ತರಿಸಿದಳು: ‘ಪುಣ್ಯವಂತರು ನೀವು. ನಮ್ಮವರಿಗೆ ರಜೆ ಅನ್ನೋದೇ ಇಲ್ಲ.’

ಇಸಾಕ್ ಅದನ್ನು ಎರಡು ಸಲ ಓದಿದ. ರಜೆಯಿಲ್ಲದವನು ಇಲ್ಲೇನು ಮಾಡುತ್ತಿದ್ದಾನೆ? ಹೆಂಡತಿಗೂ ಹೇಳದೆ?

ಬುಧವಾರ ಕೆಳಗಡೆ ಪ್ರಿಂಟರ್ ಓಡಿತು. ಹಾಳೆಯ ಮೇಲೆ ಹಾಳೆ. ಮನೆಯ ಪತ್ರಗಳು, ಗ್ರೀನ್ ಕಾರ್ಡಿನ ಕಾಗದಗಳು, ಎಲ್ಲವೂ ಪ್ರಿಂಟರ್ ಇಟ್ಟಿದ್ದ ಮೇಜಿನ ಡ್ರಾಯರ್‌ನಲ್ಲೇ ಇದ್ದವು. ಇಸಾಕ್ ಮೆಟ್ಟಿಲ ತುದಿಗೆ ಬಂದು ಕಿವಿಗೊಟ್ಟ. ಸತ್ಯನಾರಾಯಣ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ:

“ಇಲ್ಲ, ಇಲ್ಲಿ ಯಾರೂ ಇಲ್ಲ. ಎಲ್ಲ ವೆಕೇಶನ್ ಮೇಲೆ ಹೋಗಿದಾರೆ.”

ಇಸಾಕ್ ಸದ್ದಾಗದಂತೆ ಕೋಣೆಗೆ ಹಿಂದಿರುಗಿದ. ಪೊಲೀಸರನ್ನು ಕರೆಯಬಹುದಿತ್ತು. ಕರೆದು ಏನೆಂದು ಹೇಳುವುದು? ತನ್ನ ಮನೆಯಲ್ಲಿ ತಾನೇ ಅಡಗಿದ್ದೇನೆ ಎಂದೇ?

ಗುರುವಾರ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಮಹಡಿಯ ಏಸಿ ಹಾಕಿದರೆ ಕೆಳಗೆ ತಿಳಿಯುತ್ತದೆ. ನಲ್ಲಿ ತಿರುಗಿಸಿದರೆ ಅಡುಗೆಮನೆಯ ಗೋಡೆಯೊಳಗೆ ಪೈಪು ನಡುಗುತ್ತದೆ. ತುಂಬಿಟ್ಟುಕೊಂಡಿದ್ದ ಬಾಟಲಿಗಳು ಮಧ್ಯಾಹ್ನಕ್ಕೇ ಬರಿದಾದವು. ಮೂರು ಗಂಟೆಯ ಹೊತ್ತಿಗೆ ಹನ್ನೊಂದು ವರ್ಷದ ಮಗಳು ಯುಸ್ರಾಳ ಮುಖ ಸುಣ್ಣದಂತಾಗಿತ್ತು.

“ಮಮ್ಮಾ, ಐ ಡೋಂಟ್ ಫೀಲ್ ಗುಡ್,” ಎಂದವಳು ತಾಯಿಯ ತೊಡೆಯ ಮೇಲೆ ಕುಸಿದಳು. ಕರೆದರೆ ಕಣ್ಣು ತೆರೆಯಲಿಲ್ಲ.

“ಹೋಗ್ರಿ,” ಎಂದಳು ಉಝ್ಮಾ. ಈ ಸಲ ಪಿಸುಗುಟ್ಟಲಿಲ್ಲ. “ಅವರು ಏನು ಬೇಕಾದ್ರೂ ಅಂದ್ಕೊಳ್ಳಲಿ.”

ಇಸಾಕ್ ಬಾಗಿಲಿಗೆ ಕೈಯಿಟ್ಟು ನಿಂತ. ಇನ್ನೂ ಸಿಗದ ಕೆಲಸವನ್ನು ಕಳೆದುಕೊಳ್ಳುವ ಭಯ. ಒಂದೇ ಕ್ಷಣ. ಆ ಕ್ಷಣಕ್ಕಾಗಿ ಅವನು ಮುಂದೆ ಬಹಳ ಕಾಲ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಆಮೇಲೆ ದಡದಡನೆ ಮೆಟ್ಟಿಲಿಳಿದ.

ಊಟದ ಮೇಜಿನ ಮುಂದಿದ್ದ ಸತ್ಯನಾರಾಯಣ ಗಾಬರಿಯಿಂದ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಕೊರಳಲ್ಲಿ ಟೈ, ಎದುರಿಗೆ ಲ್ಯಾಪ್‌ಟಾಪ್, ಸುತ್ತ ಮೇಲ್ತುದಿಯಲ್ಲಿ ಅವನದೇ ಹೆಸರಿದ್ದ ಹಾಳೆಗಳು. ಅವನ್ನು ಎರಡೂ ಕೈಯಲ್ಲಿ ಮುಚ್ಚಿಕೊಳ್ಳಲು ನೋಡಿದ.

“ನೀರು,” ಎಂದ ಇಸಾಕ್. “ಮಗಳು... ಮೇಲೆ.”

ಸತ್ಯನಾರಾಯಣ ಹಾಳೆ ಬಿಟ್ಟು, ಫ್ರಿಜ್ಜಿನಿಂದ ಐಸ್ ಬಾಚಿಕೊಂಡು, ಇಸಾಕ್‌ಗಿಂತ ಮುಂದಾಗಿ ಮಹಡಿಗೆ ಓಡಿದ. ಕಿಟಕಿಗಳನ್ನು ತೆರೆದ. ಒದ್ದೆ ಟವೆಲನ್ನು ಹುಡುಗಿಯ ಕತ್ತಿಗೆ ಸುತ್ತಿದ. ಐದು ನಿಮಿಷದ ಮೇಲೆ ಯುಸ್ರಾ ಕಣ್ಣು ಬಿಟ್ಟಳು. ಗುಟುಕು ನೀರು ಕುಡಿದಳು.

“ಹಾಯ್, ಅಂಕಲ್,” ಎಂದಳು ಕ್ಷೀಣವಾಗಿ.

ಉಝ್ಮಾ ಗೋಡೆಗೆ ತಲೆಯಾನಿಸಿ ಸದ್ದಿಲ್ಲದೆ ಅತ್ತಳು. ಇಸಾಕ್‌ಗೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ನಾವು ಮಾಲ್ಟಾಕ್ಕೆ ಹೋಗಲೇ ಇಲ್ಲ,” ಎಂದ. “ಜೂನ್‌ನಲ್ಲೇ ನನ್ನ ಕೆಲಸ ಹೋಯ್ತು. ನಿಮ್ಮ ಕಂಪನೀಲಿ ಕೆಲಸ ಕೇಳೋಣ ಅಂತ ಈ ನಾಟಕ. ಇನ್ನು ಕೇಳಲ್ಲ ಬಿಡಿ.”

ಸತ್ಯನಾರಾಯಣ ಬಾಯಿ ತೆರೆದ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ರಿಂಗಾಯಿತು. ಹೆಸರು ನೋಡಿದ. ಎದ್ದು ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ. ಇಸಾಕ್‌ನ ಕಣ್ಣನ್ನೇ ನೋಡುತ್ತ ಫೋನ್ ಕಿವಿಗಿಟ್ಟುಕೊಂಡ.

“ಹೇಳು ಅನು... ಹ್ಞೂಂ, ಆಫೀಸ್‌ನಲ್ಲೇ ಇದೀನಿ. ದಿನಾ ಬರೋ ಐದೂವರೆ ಟ್ರೇನಿಗೇ ಬರ್ತೀನಿ.”